ಶಾಂಘೈ: ಬಿಸಿಲು ನೋಡಿಕೊಂಡು ಸುತ್ತಿದ್ದು

ಮೊದಲ ದಿನ ನಾನು ನದಿ ದಂಡೆಯ ಬಂಡ್ ಅನ್ನೋ ಬೀದಿಗೆ ಹೋಗಿದ್ದು ಮಧ್ಯಾಹ್ನ ನಾಲ್ಕಕ್ಕೆ. ಅಲ್ಲಿನ ಹಳೇ ಕಟ್ಟಡಗಳ ಮುಖ ಪೂರ್ವಕ್ಕೆ. ಆ ಹೊತ್ತಿಗೆ ಎಲ್ಲಾ ನೆರಳಲ್ಲಿ ಕಪ್ಪಗೆ ನಿಂತಿದ್ದವು. ಮಾರನೇ ದಿನ ಬೆಳಗ್ಗೆ ಏಳಕ್ಕೇ ಹೋದೆ. ಎಳೆಬಿಸಿಲು ಕಲ್ಲಿನ ಮೇಲೆ ನೇರ ಬಿದ್ದಿತ್ತು. ಕಂಬಗಳ ಕೆತ್ತನೆ, 1927ರ ಕಸ್ಟಮ್ಸ್ ಹೌಸ್‌ನ ಗಡಿಯಾರ, ಎಲ್ಲಾ ಸ್ಪಷ್ಟ. ಜನವೂ ಕಡಿಮೆ.

ಕಸ್ಟಮ್ಸ್ ಹೌಸ್ ಪಕ್ಕದಲ್ಲೇ ದೊಡ್ಡ ಗುಮ್ಮಟದ ಬ್ಯಾಂಕ್ ಕಟ್ಟಡ ಇದೆ. 1923ರಲ್ಲಿ ಹಾಂಗ್‌ಕಾಂಗ್ ಶಾಂಘೈ ಬ್ಯಾಂಕ್ ಕಟ್ಟಿಸಿದ್ದು. ಈಗಲೂ ಬ್ಯಾಂಕೇ, ಹಾಗಾಗಿ ಕೆಲಸದ ದಿನವೇ ಹೋಗಿ. ಒಳಗೆ ಕಾಲಿಟ್ಟ ಕೂಡಲೇ ತಲೆ ಎತ್ತಿ ನೋಡಿ. ಗುಮ್ಮಟದ ಸುತ್ತ ಬಣ್ಣದ ಚೂರುಗಳನ್ನು ಜೋಡಿಸಿ ಎಂಟು ಊರುಗಳ ಚಿತ್ರ ಮಾಡಿದ್ದಾರೆ: ಲಂಡನ್, ಪ್ಯಾರಿಸ್, ಟೋಕಿಯೊ, ಹೀಗೆ. ಅದರಲ್ಲಿ ಒಂದು ನಮ್ಮ ಕಲ್ಕತ್ತಾ! ಬಹಳ ವರ್ಷ ಮುಚ್ಚಿಹೋಗಿದ್ದ ಇವು 1997ರಲ್ಲಿ, ದುರಸ್ತಿ ಮಾಡುವಾಗ ಮತ್ತೆ ಕಂಡವಂತೆ. ಕತ್ತು ನೋಯುವವರೆಗೆ ನೋಡಿದೆ. ಇಡೀ ಪ್ರವಾಸದಲ್ಲಿ ನನಗೆ ಜಾಸ್ತಿ ಹಿಡಿಸಿದ ಜಾಗ ಇದೇ.

ಮಧ್ಯಾಹ್ನ ಹಳೇ ಗಲ್ಲಿಗಳು. ಶಿಕುಮೆನ್ ಅಂತಾರೆ, ಅಂದರೆ ಕಲ್ಲಿನ ಬಾಗಿಲು. ನಮ್ಮ ವಠಾರದ ಹಾಗೇ ಸಾಲು ಮನೆಗಳು. ಕಲ್ಲಿನ ಚೌಕಟ್ಟು, ಕಪ್ಪು ಮರದ ಬಾಗಿಲು, ತಲೆಯ ಮೇಲೆ ಗಳುವಿನಲ್ಲಿ ಒಣಗುವ ಬಟ್ಟೆ. ಜನ ವಾಸ ಇರುವ ಜಾಗ ಅಲ್ವಾ, ಸದ್ದು ಮಾಡದೆ ನಡೆದು ಬಂದೆ. ಅಲ್ಲೊಂದು ಅಂಗಡಿಯಲ್ಲಿ ನನ್ನ ಕಾರ್ಡ್ ನಡೆಯಲಿಲ್ಲ. ಹೊರಡುವ ಮೊದಲೇ ಫೋನಿನಲ್ಲಿ ಅಲಿಪೇ ಅನ್ನೋ ಹಣ ಪಾವತಿ ಆ್ಯಪ್ ಹಾಕಿಕೊಂಡು ಕಾರ್ಡ್ ಜೋಡಿಸಿಕೊಳ್ಳಿ.

ಸಂಜೆಗೆ ಮುಂಚೆ ಹ್ವಾಂಗ್‌ಪು ನದಿ ದಾಟಿದೆ. ದುಬಾರಿ ಕ್ರೂಸ್ ಬೇಡ. ಊರಿನವರು ಸ್ಕೂಟರ್ ಸಮೇತ ಹತ್ತುವ ಫೆರ್ರಿಗೆ ಎರಡೇ ಯುವಾನ್. ಈಗ ಪಡುವಣ ಬಿಸಿಲು ಎದುರು ದಡದ ಪುಡಾಂಗ್ ಮೇಲೆ. 632 ಮೀಟರ್ ಎತ್ತರದ ಶಾಂಘೈ ಟವರ್ ತಿರುಚಿಕೊಂಡು ಮೇಲೇರುತ್ತದೆ. ಆ ತಿರುವು ಬರೀ ಅಂದಕ್ಕಲ್ಲ, ಗಾಳಿಯ ಹೊಡೆತ ತಗ್ಗಿಸುವುದಕ್ಕೆ. ನನಗೆ ಮಾತ್ರ ಪಕ್ಕದ ಜಿನ್ ಮಾವೋ ಇನ್ನೂ ಇಷ್ಟ. 88 ಮಹಡಿ, ಆದರೂ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಹಳೇ ಪಗೋಡದ ರೂಪ. ಮೋಡ ಕವಿದಿದ್ದರೆ ಮೇಲೆ ಹತ್ತಲು ಟಿಕೆಟ್ ತಗೋಬೇಡಿ, ಸುಮ್ನೆ ದುಡ್ಡು ದಂಡ.

ಕತ್ತಲಾದ ಮೇಲೆ ಅದೇ ಫೆರ್ರಿಯಲ್ಲಿ ವಾಪಸ್ ಬಂದೆ. ಬೆಳಗ್ಗೆ ನೋಡಿದ ಕಲ್ಲಿನ ಗೋಡೆಗಳಿಗೆಲ್ಲ ಹಳದಿ ದೀಪ ಹಚ್ಚಿದ್ದರು. ಪಕ್ಕದಲ್ಲಿದ್ದ ಅಜ್ಜಿ ತರಕಾರಿ ಚೀಲ ಕಾಲ ನಡುವೆ ಇಟ್ಟುಕೊಂಡು ಅತ್ತಲೇ ನೋಡುತ್ತಿದ್ದರು.