ಮನೆ ಆಟೊಮೇಷನ್ ತಂತ್ರಾಂಶ: ಬೆಲೆಯ ಲೆಕ್ಕ ಹಾಕುವುದು, ಹೊರಗಿನ ಆಡ್-ಆನ್ ಆರಿಸುವುದು ಹೇಗೆ?

ದೀಪ, ಗೀಸರ್, ಬಾಗಿಲಿನ ಬೀಗ, ಸಂಪಿನ ಮೋಟಾರು ಇವೆಲ್ಲವನ್ನೂ ಒಂದೇ ಕಡೆಯಿಂದ ನಡೆಸುವ ತಂತ್ರಾಂಶವನ್ನು ಆರಿಸುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಐದು ವರ್ಷಗಳಲ್ಲಿ ಇದಕ್ಕೆ ಒಟ್ಟು ಎಷ್ಟು ಹಣ ಹೋಗುತ್ತದೆ ಎಂಬುದು ಮೊದಲನೆಯದು. ಇದಕ್ಕೆ ಸೇರಿಸಿಕೊಳ್ಳುವ ಹೊರಗಿನವರ ಆಡ್-ಆನ್‌ಗಳಲ್ಲಿ (ಬೇರೆಯವರು ಬರೆದ ಹೆಚ್ಚುವರಿ ಭಾಗಗಳಲ್ಲಿ) ಒಂದು ನಾಳೆ ನಿಂತುಹೋದರೆ ಅದರೊಂದಿಗೆ ಮನೆಯಲ್ಲಿ ಏನೇನು ನಿಲ್ಲುತ್ತದೆ ಎಂಬುದು ಎರಡನೆಯದು. ಮಾರುವವರ ಜಾಲತಾಣದಲ್ಲಿ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದೇ ಇಲ್ಲ. ಎರಡನ್ನೂ ನೀವೇ ಕಂಡುಕೊಳ್ಳುವ ಕ್ರಮವನ್ನು, ಬಹುಮಟ್ಟಿಗೆ ಹೋಮ್ ಅಸಿಸ್ಟೆಂಟ್ ತಂತ್ರಾಂಶವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಇಲ್ಲಿ ವಿವರಿಸುತ್ತೇನೆ.

ಹಣ ಪಡೆಯುವ ಬಗೆಗಳು

ಹೋಮ್‌ಸೀರ್‌ನಂತಹ ತಂತ್ರಾಂಶಗಳು ಪರವಾನಗಿಯನ್ನು ಒಮ್ಮೆ ಮಾರುತ್ತವೆ. ಆದರೆ ಅದಕ್ಕೆ ಬೇಕಾಗುವ ಪ್ಲಗಿನ್‌ಗಳಲ್ಲಿ, ಅಂದರೆ ಹೆಚ್ಚುವರಿ ಸೌಲಭ್ಯ ಕೊಡುವ ಭಾಗಗಳಲ್ಲಿ, ಹಲವನ್ನು ಬಿಡಿಬಿಡಿಯಾಗಿ ಕೊಳ್ಳಬೇಕಾಗುತ್ತದೆ. ಹುಬಿಟಾಟ್, ಹೋಮಿ ಪ್ರೊ ಮುಂತಾದವುಗಳಲ್ಲಿ ತಂತ್ರಾಂಶದ ಬೆಲೆ ಹಬ್ ಎಂಬ ನಿಯಂತ್ರಣ ಪೆಟ್ಟಿಗೆಯ ಬೆಲೆಯಲ್ಲಿಯೇ ಸೇರಿರುತ್ತದೆ. ಬೇರೆ ಬೇರೆ ಸಾಧನ, ಸೇವೆಗಳನ್ನು ಒಂದಕ್ಕೊಂದು ಜೋಡಿಸುವ ಐಎಫ್‌ಟಿಟಿಟಿ ಚಂದಾದ ಮೇಲೆ ನಡೆಯುತ್ತದೆ. ಹೋಮ್ ಅಸಿಸ್ಟೆಂಟ್ ಮತ್ತು ಓಪನ್‌ಹ್ಯಾಬ್ ಮುಕ್ತ ತಂತ್ರಾಂಶಗಳಾಗಿದ್ದು, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು.

ಪ್ಲಗಿನ್‌ಗಳಿಗೆ ಹಣ ಕೊಡಬೇಕಾದ ಕಡೆ, ಪರವಾನಗಿಯು ನಿಮ್ಮ ಹೆಸರಿಗೆ ಇರುತ್ತದೆಯೋ ಯಂತ್ರಕ್ಕೆ ಅಂಟಿಕೊಂಡಿರುತ್ತದೆಯೋ, ತಂತ್ರಾಂಶದ ಮುಂದಿನ ದೊಡ್ಡ ಆವೃತ್ತಿ ಬಂದಾಗ ಅದೇ ಪ್ಲಗಿನ್ನಿಗೆ ಮತ್ತೆ ಹಣ ಕೊಡಬೇಕೋ, ಪ್ರಯೋಗದ ಅವಧಿ ಎಷ್ಟು ದಿನದ್ದು ಎಂಬ ಮೂರು ಸಂಗತಿಗಳನ್ನು ಕೊಳ್ಳುವ ಮೊದಲೇ ಓದಿಕೊಳ್ಳಿ. ಯಂತ್ರ ಕೆಟ್ಟ ದಿನ ಓದಿ ಪ್ರಯೋಜನವಿಲ್ಲ.

ಇಂದು ಉಚಿತವಾದದ್ದು ನಾಳೆಯೂ ಉಚಿತವಾಗಿರುತ್ತದೆಂದು ಲೆಕ್ಕ ಹಾಕಬಾರದು. ಅಮೆರಿಕದ ವಿಂಕ್ ಕಂಪನಿ, ಹಬ್ ಕೊಂಡವರಿಗೆ ಉಚಿತವಾಗಿ ಕೊಡುತ್ತಿದ್ದ ಸೇವೆಗೆ ತಿಂಗಳಿಗೆ 4.99 ಡಾಲರ್ ಚಂದಾ ಕಟ್ಟಬೇಕೆಂದು 2020ರ ಮೇ ತಿಂಗಳಲ್ಲಿ ಒಂದೇ ವಾರದ ಗಡುವಿನೊಂದಿಗೆ ಘೋಷಿಸಿತು. ಗದ್ದಲವೆದ್ದ ಮೇಲೆ ಗಡುವನ್ನು ಮುಂದೂಡಿತೇ ಹೊರತು ಚಂದಾವನ್ನು ಕೈಬಿಡಲಿಲ್ಲ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಐಎಫ್‌ಟಿಟಿಟಿ ಕೂಡ ಚಂದಾ ಯೋಜನೆಯನ್ನು ತಂದು, ಹಣ ಕೊಡದವರು ತಾವೇ ರಚಿಸಿಕೊಳ್ಳಬಹುದಾದ ಆಪ್ಲೆಟ್‌ಗಳನ್ನು ('ಇದಾದರೆ ಅದು ಮಾಡು' ಎಂಬ ಸಣ್ಣ ನಿಯಮಗಳನ್ನು) ಮೂರಕ್ಕೆ ಇಳಿಸಿತು. 2022ರ ಏಪ್ರಿಲ್‌ನಲ್ಲಿ ಮನೆ ಆಟೊಮೇಷನ್ ಕಂಪನಿ ಇನ್‌ಸ್ಟಿಯಾನ್‌ನ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ನಿಂತವು. ಮೂರು ಪ್ರಕರಣಗಳಲ್ಲಿಯೂ ಆಜ್ಞೆಗಳು ಕಂಪನಿಯ ಸರ್ವರ್ ದಾಟಿ ಮನೆಗೆ ಬರುತ್ತಿದ್ದವು ಎಂಬುದನ್ನು ಗಮನಿಸಿ. ತಂತ್ರಾಂಶವು ನಿಮ್ಮ ಮನೆಯೊಳಗಿನ ಯಂತ್ರದಲ್ಲೇ ಓಡುತ್ತಿದ್ದರೆ, ಕಂಪನಿ ಮನಸ್ಸು ಬದಲಿಸಿದರೂ ದೀಪ ಹತ್ತುತ್ತದೆ.

ಐದು ವರ್ಷದ ಲೆಕ್ಕ

ಒಂದು ಹಾಳೆಯಲ್ಲಿ ಯಂತ್ರ, ವಿದ್ಯುತ್, ಚಂದಾ, ಪ್ಲಗಿನ್ ಎಂದು ನಾಲ್ಕು ಸಾಲು ಹಾಕಿಕೊಳ್ಳಿ.

2013ರಲ್ಲಿ ಪೌಲಸ್ ಸ್ಕೌಟ್ಸನ್ ಆರಂಭಿಸಿದ ಹೋಮ್ ಅಸಿಸ್ಟೆಂಟ್‌ಗೆ ಪರವಾನಗಿಯ ಶುಲ್ಕವಿಲ್ಲ. ಯಂತ್ರ ಮಾತ್ರ ಬೇಕು. ಅದಕ್ಕೆಂದೇ ತಯಾರಾದ ಹೋಮ್ ಅಸಿಸ್ಟೆಂಟ್ ಗ್ರೀನ್ ಎಂಬ ಪೆಟ್ಟಿಗೆ 2023ರಲ್ಲಿ 99 ಡಾಲರ್‌ಗೆ ಬಿಡುಗಡೆಯಾಯಿತು. ರಾಸ್ಪ್‌ಬೆರಿ ಪೈ, ಮಿನಿ ಪಿಸಿ ಅಥವಾ ಮೂಲೆಯಲ್ಲಿ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಕೂಡ ಆಗುತ್ತದೆ. ಹಳೆಯ ಡೆಸ್ಕ್‌ಟಾಪ್ ಇದೆಯಲ್ಲ, ಅದೇ ಸಾಕು ಎನ್ನುವವರು ಮಾತ್ರ ಒಮ್ಮೆ ವಿದ್ಯುತ್ತಿನ ಸಾಲನ್ನು ತುಂಬಿ ನೋಡಬೇಕು. ಹಗಲಿರುಳು ಓಡುವ 6 ವಾಟ್‌ನ ಯಂತ್ರ ವರ್ಷಕ್ಕೆ ಸುಮಾರು 53 ಯೂನಿಟ್ ಬಳಸಿದರೆ, 50 ವಾಟ್‌ನದು 438 ಯೂನಿಟ್ ಬಳಸುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೂ ಐದು ವರ್ಷಕ್ಕೆ ಮೊದಲನೆಯದರ ಖರ್ಚು 1,600 ರೂಪಾಯಿಯ ಆಸುಪಾಸು, ಎರಡನೆಯದರದ್ದು 13,000 ದಾಟುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿರುವವರಿಗೆ ಈ ಲೆಕ್ಕ ಇನ್ನೂ ಮುಖ್ಯ: 50 ವಾಟ್ ಎಂದರೆ ತಿಂಗಳಿಗೆ 36 ಯೂನಿಟ್, ಬಳಕೆ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ.

ಇನ್ನು ಚಂದಾ. ನಬು ಕಾಸಾ ಕಂಪನಿ ನಡೆಸುವ ಹೋಮ್ ಅಸಿಸ್ಟೆಂಟ್ ಕ್ಲೌಡ್‌ಗೆ ಅಮೆರಿಕದ ದರದಲ್ಲಿ ತಿಂಗಳಿಗೆ 6.50 ಡಾಲರ್, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 65 ಡಾಲರ್. ಡಾಲರ್‌ಗೆ 90 ರೂಪಾಯಿಯಂತೆ ವರ್ಷಕ್ಕೆ 5,850 ರೂಪಾಯಿ. ನಿಮ್ಮ ಕಾರ್ಡು ವಿದೇಶಿ ವಿನಿಮಯಕ್ಕೆ ಶೇ 3.5 ಶುಲ್ಕ ಹಾಕುವಂಥದ್ದಾದರೆ, ಆ ಶುಲ್ಕದ ಮೇಲಿನ ಶೇ 18 ಜಿಎಸ್‌ಟಿಯೂ ಸೇರಿ ಇನ್ನೂ ಸುಮಾರು 240 ರೂಪಾಯಿ. ಐದು ವರ್ಷಕ್ಕೆ ಮೂವತ್ತು ಸಾವಿರ. ವಿದೇಶಿ ಚಂದಾಗಳನ್ನು ತಿಂಗಳ ಲೆಕ್ಕಕ್ಕಿಂತ ವರ್ಷದ ಲೆಕ್ಕದಲ್ಲಿ ಕಟ್ಟುವುದು ಲೇಸೆಂದು ನನ್ನ ಅಭಿಪ್ರಾಯ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಸ್ವಯಂ ಪಾವತಿಯ ನೋಂದಣಿಗೆ ಒಟಿಪಿ ಬೇಕು, ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ಬ್ಯಾಂಕು ಸೂಚನೆ ಕಳಿಸಬೇಕು. ಈ ವ್ಯವಸ್ಥೆಗೆ ಹೊಂದಿಕೊಳ್ಳದ ಪಾವತಿ ತಿರಸ್ಕೃತವಾಗುತ್ತದೆ. ಹನ್ನೆರಡು ಸಲ ಆ ತಲೆನೋವು ಯಾಕೆ?

ಚಂದಾ ಕಟ್ಟಲೇಬೇಕೇ ಎಂಬುದು ಮನೆಯ ಹೊರಗಿನಿಂದ ನೋಡುವ ಅಗತ್ಯ ನಿಮಗೆಷ್ಟಿದೆ ಎಂಬುದರ ಮೇಲೆ ನಿಂತಿದೆ. ಆ ಹಣಕ್ಕೆ ಸಿಗುವುದು ದೂರದಿಂದ ಸುರಕ್ಷಿತ ಪ್ರವೇಶ, ಅಲೆಕ್ಸಾ ಮತ್ತು ಗೂಗಲ್ ಅಸಿಸ್ಟೆಂಟ್‌ಗಳ ಸುಲಭ ಜೋಡಣೆ, ಬ್ಯಾಕಪ್‌ಗೆ ಜಾಗ. ಮನೆಯೊಳಗಿನ ಯಾವ ಕೆಲಸಕ್ಕೂ ಅದು ಬೇಕಿಲ್ಲ. ದೂರ ಪ್ರವೇಶವಷ್ಟೇ ಸಾಕೆನ್ನುವವರಿಗೆ, ವೈಯಕ್ತಿಕ ಬಳಕೆಗೆ ಉಚಿತ ಯೋಜನೆ ಇರುವ ಟೈಲ್‌ಸ್ಕೇಲ್ ಎಂಬ ಖಾಸಗಿ ಜಾಲದ (ವಿಪಿಎನ್) ಸೇವೆ ಒಳ್ಳೆಯ ದಾರಿ. ಹೊರಗಿನಿಂದ ನೇರವಾಗಿ ಒಳಬರಲು ರೂಟರ್‌ನಲ್ಲಿ ಪೋರ್ಟ್ ತೆರೆಯುವ ಹಳೆಯ ಉಪಾಯವನ್ನು ನಾನು ಸೂಚಿಸುವುದಿಲ್ಲ. ಭದ್ರತೆಯ ಮಾತು ಹಾಗಿರಲಿ, ನಮ್ಮಲ್ಲಿ ಹಲವು ಇಂಟರ್‌ನೆಟ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಅನೇಕ ಮನೆಗಳಿಗೆ ಹಂಚುವುದರಿಂದ ಅದು ಕೆಲಸ ಮಾಡುವುದೇ ಅಪರೂಪ. ಓಪನ್‌ಹ್ಯಾಬ್ ಆರಿಸಿದವರಿಗೆ ಅದರ ಪ್ರತಿಷ್ಠಾನ ನಡೆಸುವ ದೂರ ಪ್ರವೇಶ ಸೇವೆ ಉಚಿತವಾಗಿಯೇ ಸಿಗುತ್ತದೆ. ಹಾಗಿದ್ದರೂ, ಹೋಮ್ ಅಸಿಸ್ಟೆಂಟ್‌ನ ಅಭಿವೃದ್ಧಿಗೆ ಹಣ ಬರುವುದು ಬಹುಪಾಲು ಈ ಚಂದಾದಿಂದಲೇ ಎಂಬುದನ್ನು ಬಲ್ಲ ಕೆಲವರು ಸೇವೆ ಬೇಕಿಲ್ಲದಿದ್ದರೂ ಕಟ್ಟುತ್ತಾರೆ.

ಆಡ್-ಆನ್ ಎಂದರೆ ಯಾವುದು?

ಇಲ್ಲಿ ಹೆಸರುಗಳ ಗೊಂದಲವಿದೆ, ಬಿಡಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಹೋಮ್ ಅಸಿಸ್ಟೆಂಟ್‌ನಲ್ಲಿ ಇಂಟಿಗ್ರೇಷನ್ ಎಂದರೆ ಒಂದು ಸಾಧನದ ಜೊತೆಗೋ ಸೇವೆಯ ಜೊತೆಗೋ ಮಾತಾಡುವ ಭಾಗ. ಅದು ಮೂಲ ತಂತ್ರಾಂಶದ ಒಳಗೇ ಓಡುತ್ತದೆ. ಆಡ್-ಆನ್ (2026ರಿಂದ ಹೋಮ್ ಅಸಿಸ್ಟೆಂಟ್ ಇದನ್ನು 'ಆ್ಯಪ್' ಎಂದು ಕರೆಯುತ್ತಿದೆ) ಎಂದರೆ ಪಕ್ಕದಲ್ಲಿ ತನ್ನದೇ ಡಾಕರ್ ಕಂಟೇನರ್‌ನಲ್ಲಿ, ಅಂದರೆ ಬೇರ್ಪಡಿಸಿದ ಆವರಣದಲ್ಲಿ, ಓಡುವ ಬೇರೆಯದೇ ತಂತ್ರಾಂಶ: ಮಾಸ್ಕಿಟೋ ಬ್ರೋಕರ್, ಜಿಗ್‌ಬೀ2ಎಂಕ್ಯೂಟಿಟಿ, ನೋಡ್-ರೆಡ್ ಇಂಥವು. ಹೋಮ್ ಅಸಿಸ್ಟೆಂಟ್ ಅನ್ನು ಅದರದೇ ಆಪರೇಟಿಂಗ್ ಸಿಸ್ಟಂ ಸಮೇತ ಹಾಕಿಕೊಂಡವರಿಗೆ ಆಡ್-ಆನ್ ಅಂಗಡಿ ಸಿಗುತ್ತದೆ. ಬರಿಯ ಕಂಟೇನರ್ ಆಗಿ ಹಾಕಿಕೊಂಡವರಿಗೆ ಸಿಗುವುದಿಲ್ಲ, ಅವರು ಅದೇ ತಂತ್ರಾಂಶಗಳನ್ನು ಕೈಯಾರೆ ಓಡಿಸಿಕೊಳ್ಳಬೇಕು. ಮೂರನೆಯದು ಹ್ಯಾಕ್ಸ್ ಎಂದು ಎಲ್ಲರೂ ಕರೆಯುವ ಬಳಕೆದಾರರ ಅಂಗಡಿ. ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಖಾತೆಯಿದ್ದರೆ ಹ್ಯಾಕ್ಸ್ ಮೂಲಕ ಯಾರೋ ಬರೆದಿಟ್ಟ ಕಸ್ಟಮ್ ಇಂಟಿಗ್ರೇಷನ್‌ಗಳನ್ನೂ ಪರದೆಯ ಕಾರ್ಡ್‌ಗಳನ್ನೂ ಹಾಕಿಕೊಳ್ಳಬಹುದು.

ಅಪಾಯದ ದೃಷ್ಟಿಯಿಂದ ಈ ಮೂರು ಒಂದೇ ಅಲ್ಲ. ಕಂಟೇನರ್‌ನೊಳಗಿನ ಆಡ್-ಆನ್‌ಗೆ ಗೋಡೆಯಿದೆ. ಅದು ಯಾವ ಅನುಮತಿಗಳನ್ನು ಕೇಳುತ್ತದೆಂಬುದೂ ಅದರ ಭದ್ರತಾ ಅಂಕವೂ ಆಡ್-ಆನ್ ಪುಟದಲ್ಲೇ ಕಾಣುತ್ತವೆ. ಕಸ್ಟಮ್ ಇಂಟಿಗ್ರೇಷನ್‌ಗೆ ಗೋಡೆಯೇ ಇಲ್ಲ. ನಿಮ್ಮ ಪಾಸ್‌ವರ್ಡ್‌ಗಳು, ಕ್ಯಾಮೆರಾ, ಮನೆಯವರು ಎಲ್ಲಿದ್ದಾರೆಂಬ ಮಾಹಿತಿ ಎಲ್ಲವೂ ಅದರ ಕೈಗೆಟಕುತ್ತವೆ. 2021ರ ಜನವರಿಯಲ್ಲಿ ಹಲವು ಕಸ್ಟಮ್ ಇಂಟಿಗ್ರೇಷನ್‌ಗಳಲ್ಲಿ, ಲಾಗಿನ್ ಆಗದೆಯೇ ಹೊರಗಿನವರು ಕಡತಗಳನ್ನು ಓದಬಹುದಾದ ದೋಷ ಪತ್ತೆಯಾಗಿ, ಹೋಮ್ ಅಸಿಸ್ಟೆಂಟ್ ತಂಡವೇ ತುರ್ತು ಎಚ್ಚರಿಕೆ ಹೊರಡಿಸಬೇಕಾಯಿತು. ಬರೆದವರಲ್ಲಿ ದುರುದ್ದೇಶವಿರಲಿಲ್ಲ, ಆದರೂ ಕಿಟಕಿ ತೆರೆದಿತ್ತು.

ಆರಿಸುವ ಕ್ರಮ

ಮೊದಲು, ನಿಮಗೆ ಬೇಕಾದ ಸಾಧನಕ್ಕೆ ಅಧಿಕೃತ ಇಂಟಿಗ್ರೇಷನ್ ಇದೆಯೇ ಎಂದು ನೋಡಿ. ಇದ್ದರೆ ಅದರ ಪುಟದಲ್ಲಿ ಎರಡು ಮಾತುಗಳನ್ನು ಹುಡುಕಿ. ಒಂದು ಗುಣಮಟ್ಟದ ದರ್ಜೆ, ಕಂಚಿನಿಂದ ಪ್ಲಾಟಿನಂವರೆಗೆ. ಇನ್ನೊಂದು, ಅದಕ್ಕಿಂತ ಮುಖ್ಯವಾದದ್ದು, ಅದು ಸಾಧನದೊಂದಿಗೆ ಮಾತಾಡುವ ದಾರಿ: 'ಲೋಕಲ್' ಎಂದಿದ್ದರೆ ಮನೆಯೊಳಗಿನ ಜಾಲದಲ್ಲೇ ಮುಗಿಯುತ್ತದೆ, 'ಕ್ಲೌಡ್' ಎಂದಿದ್ದರೆ ತಯಾರಕರ ಸರ್ವರ್ ಸುತ್ತಿ ಬರುತ್ತದೆ.

ಅಧಿಕೃತ ಎಂಬುದೊಂದೇ ಭರವಸೆ ಕೊಡುವುದಿಲ್ಲ. ಗ್ಯಾರೇಜ್ ಬಾಗಿಲುಗಳ ಮೈಕ್ಯೂ ಸೇವೆಯನ್ನು ನಡೆಸುವ ಚೇಂಬರ್ಲಿನ್ ಕಂಪನಿ 2023ರ ಕೊನೆಯಲ್ಲಿ ಅನುಮತಿಯಿಲ್ಲದ ಹೊರಗಿನ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು. ಹೋಮ್ ಅಸಿಸ್ಟೆಂಟ್‌ನ ಅಧಿಕೃತ ಮೈಕ್ಯೂ ಇಂಟಿಗ್ರೇಷನ್ ಆ ಡಿಸೆಂಬರ್‌ನ ಆವೃತ್ತಿಯಿಂದಲೇ ಮಾಯವಾಯಿತು. 2024ರ ಜನವರಿಯಲ್ಲಿ ಹೈಯರ್ ಕಂಪನಿ ತನ್ನ ಉಪಕರಣಗಳಿಗೆ ಕಸ್ಟಮ್ ಇಂಟಿಗ್ರೇಷನ್ ಬರೆದವರಿಗೆ ಕಾನೂನು ಕ್ರಮದ ಎಚ್ಚರಿಕೆ ಕಳಿಸಿ, ಬಳಕೆದಾರರು ಸಿಟ್ಟಿಗೆದ್ದ ಮೇಲೆ ಮಾತುಕತೆಗೆ ಇಳಿಯಿತು.

ನಮ್ಮ ಅಂಗಡಿಗಳಲ್ಲಿ ಬೇರೆ ಬೇರೆ ಹೆಸರು ಹೊತ್ತು ಬರುವ ಅಗ್ಗದ ಸ್ಮಾರ್ಟ್ ಪ್ಲಗ್‌ಗಳಲ್ಲಿ ಎಷ್ಟೋ ಒಳಗೆ ಟುಯಾ ಎಂಬ ಚೀನಾ ಕಂಪನಿಯ ವೇದಿಕೆಯವು. ಅವುಗಳ ವಿಷಯದಲ್ಲಿ ಆಯ್ಕೆ ನಿಜಕ್ಕೂ ಕಷ್ಟದ್ದು: ಟುಯಾದ ಅಧಿಕೃತ ಇಂಟಿಗ್ರೇಷನ್ ಕ್ಲೌಡ್ ಮೂಲಕ ನಡೆಯುತ್ತದೆ, ಇಂಟರ್‌ನೆಟ್ ಹೋದರೆ ಪ್ಲಗ್ಗೂ ಕೈಗೆ ಸಿಗುವುದಿಲ್ಲ, ಹ್ಯಾಕ್ಸ್‌ನಲ್ಲಿ ಸಿಗುವ ಲೋಕಲ್‌ಟುಯಾ ಮನೆಯೊಳಗೇ ನಡೆಯುತ್ತದೆ, ಆದರೆ ಅದು ಹೊರಗಿನವರು ಬರೆದದ್ದು. ದೀಪ, ಫ್ಯಾನುಗಳಿಗೆ ನಾನು ಎರಡನೆಯದನ್ನು ಆರಿಸಿದ್ದೇನೆ. ಹೊಸದಾಗಿ ಕೊಳ್ಳುವವರಾದರೆ ಈ ಇಕ್ಕಟ್ಟಿಗೇ ಸಿಲುಕದೆ ಕ್ಲೌಡ್ ಇಲ್ಲದೆ ಮನೆಯೊಳಗೇ ಮಾತಾಡಬಲ್ಲ ಜಿಗ್‌ಬೀ ಅಥವಾ ಮ್ಯಾಟರ್ ಮಾನಕದ ಸಾಧನಗಳನ್ನು ಕೊಳ್ಳುವುದು ಒಳ್ಳೆಯದು. ಪ್ಲಗ್ಗಿಗೆ ಕೊಡುವ ಹೆಚ್ಚಿನ ಬೆಲೆಯನ್ನೂ ಅದೇ ಐದು ವರ್ಷದ ಹಾಳೆಯಲ್ಲಿ ಬರೆದುಕೊಳ್ಳಿ.

ಹೊರಗಿನ ಆಡ್-ಆನ್ ಅಥವಾ ಕಸ್ಟಮ್ ಇಂಟಿಗ್ರೇಷನ್ ಹಾಕಲೇಬೇಕೆಂದಾಗ ಅದರ ಗಿಟ್‌ಹಬ್ ಪುಟದಲ್ಲಿ ಹತ್ತು ನಿಮಿಷ ಕಳೆಯಿರಿ. ನಕ್ಷತ್ರಗಳ ಸಂಖ್ಯೆಯನ್ನು ನಂಬಬೇಡಿ, ಅದು ಹಿಂದಿನ ಜನಪ್ರಿಯತೆಯನ್ನಷ್ಟೇ ಹೇಳುತ್ತದೆ. ಕೊನೆಯ ಬದಲಾವಣೆ ಆಗಿ ಎಷ್ಟು ತಿಂಗಳಾಯಿತು, ಬದಲಾವಣೆ ಮಾಡುತ್ತಿರುವವರು ಒಬ್ಬರೇ ಅಥವಾ ಹಲವರೇ, ಇತ್ತೀಚಿನ ದೂರುಗಳಿಗೆ ಉತ್ತರ ಬಂದಿದೆಯೇ ಎಂಬುದನ್ನು ನೋಡಿ. ಎರಡು ವರ್ಷದಿಂದ ಕದಲದ ಇಂಟಿಗ್ರೇಷನ್ ಇಂದು ಸರಿಯಾಗಿ ನಡೆಯುತ್ತಿದ್ದರೂ ಅದರ ದಿನ ಎಣಿಸಿದಂತೆಯೇ. ಒಬ್ಬರೇ ಬರೆಯುತ್ತಿರುವುದಾದರೆ ಅವರು ದೇಣಿಗೆ ಸ್ವೀಕರಿಸುತ್ತಾರೆಯೇ ನೋಡಿ, ಕೈಲಾದಷ್ಟು ಕೊಡಿ. ಪ್ಲಗಿನ್ ಎಂಬ ಸಾಲಿನಲ್ಲಿ ಸೊನ್ನೆ ಬರೆದುಕೊಂಡವರಿಗೂ ಇದು ನ್ಯಾಯವಾದ ಖರ್ಚು.

ಹಾಕುವುದು, ಕಾಯುವುದು, ತೆಗೆಯುವುದು

ಮೊದಲು ಪೂರ್ಣ ಬ್ಯಾಕಪ್ ತೆಗೆದು, ಅದರ ಒಂದು ಪ್ರತಿಯನ್ನು ಬೇರೆ ಯಂತ್ರಕ್ಕೆ ಸಾಗಿಸಿ. ಒಂದು ಸಲಕ್ಕೆ ಒಂದನ್ನೇ ಹಾಕಿ, ಒಂದು ವಾರ ಬಿಟ್ಟು ಇನ್ನೊಂದಕ್ಕೆ ಕೈಹಚ್ಚಿ. ಒಟ್ಟಿಗೆ ನಾಲ್ಕು ಹಾಕಿದರೆ ತೊಂದರೆ ಕೊಟ್ಟದ್ದು ಯಾವುದೆಂದು ತಿಳಿಯುವುದಿಲ್ಲ. ಹೋಮ್ ಅಸಿಸ್ಟೆಂಟ್‌ನ ಹೊಸ ಆವೃತ್ತಿ ಪ್ರತಿ ತಿಂಗಳ ಮೊದಲ ಬುಧವಾರ ಬರುತ್ತದೆ. ಕಸ್ಟಮ್ ಇಂಟಿಗ್ರೇಷನ್ ಇರುವವರು ಆ ದಿನವೇ ಅಪ್‌ಡೇಟ್ ಮಾಡಬಾರದು. ಒಂದೆರಡು ತಿದ್ದುಪಡಿಗಳು ಬರುವವರೆಗೆ ಕಾದು, ಹೊಂದಾಣಿಕೆ ಮುರಿಯುವ ಬದಲಾವಣೆಗಳ ಪಟ್ಟಿಯನ್ನು ಓದಿ, ಆಮೇಲೆ ಮಾಡಬೇಕು.

ಇದನ್ನು ನಾನು ಕಲಿತದ್ದು ಸಂಪಿನ ಮೋಟಾರಿನಿಂದ. ಮೋಟಾರಿನ ಸ್ವಿಚ್ಚು ಒಂದು ಕಸ್ಟಮ್ ಇಂಟಿಗ್ರೇಷನ್‌ನ ಮೇಲೆ ನಡೆಯುತ್ತಿತ್ತು. ಮೋಟಾರು ಓಡುತ್ತಿರುವಾಗಲೇ ನಾನು ಅಪ್‌ಡೇಟ್ ಒತ್ತಿದೆ. ಮರಳಿ ಎದ್ದ ತಂತ್ರಾಂಶದಲ್ಲಿ ಆ ಇಂಟಿಗ್ರೇಷನ್ ಏಳಲಿಲ್ಲ, ಮೋಟಾರು ನಿಲ್ಲಿಸುವ ಆಜ್ಞೆ ಹೋಗಲಿಲ್ಲ, ಓವರ್‌ಹೆಡ್ ಟ್ಯಾಂಕ್ ತುಂಬಿ ಹರಿದು ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು. ಈಗ ಟ್ಯಾಂಕಿನಲ್ಲಿ ಫ್ಲೋಟ್ ಸ್ವಿಚ್ ಇದೆ. ತಂತ್ರಾಂಶ ಸತ್ತರೂ ಅದು ಮೋಟಾರನ್ನು ನಿಲ್ಲಿಸುತ್ತದೆ. ನೀರು, ಗ್ಯಾಸು, ಗೀಸರ್, ಬೀಗ ಇವುಗಳನ್ನು ಹೊರಗಿನ ಆಡ್-ಆನ್ ಅಥವಾ ಇಂಟಿಗ್ರೇಷನ್ ಒಂದರ ಮೇಲೆಯೇ ನಿಲ್ಲಿಸಬೇಡಿ.

ತೊಂದರೆ ಬಂದಾಗ ರೀಸ್ಟಾರ್ಟ್ ಪಟ್ಟಿಯಲ್ಲಿರುವ ಸೇಫ್ ಮೋಡ್ ಬಳಸಿ. ಅದು ಕಸ್ಟಮ್ ಇಂಟಿಗ್ರೇಷನ್‌ಗಳನ್ನು ಬಿಟ್ಟು ಉಳಿದದ್ದನ್ನು ಎಬ್ಬಿಸುವುದರಿಂದ ತಪ್ಪು ಮೂಲ ತಂತ್ರಾಂಶದ್ದೋ ಹೊರಗಿನದ್ದೋ ಎಂಬುದು ಕೂಡಲೇ ತಿಳಿಯುತ್ತದೆ. ತೆಗೆಯುವಾಗ ಮೊದಲು ಸಾಧನಗಳ ಪಟ್ಟಿಯಿಂದ ಇಂಟಿಗ್ರೇಷನ್ ಅಳಿಸಿ, ಆಮೇಲೆ ಹ್ಯಾಕ್ಸ್‌ನಿಂದ ತೆಗೆದು, ಕೊನೆಗೆ ರೀಸ್ಟಾರ್ಟ್ ಮಾಡಿ. ಕ್ರಮ ತಪ್ಪಿದರೆ ಸತ್ತ ಸಾಧನಗಳ ಹೆಸರುಗಳು ಪರದೆಯಲ್ಲಿ ಉಳಿದುಕೊಳ್ಳುತ್ತವೆ.

ವರ್ಷದ ಚಂದಾ ನವೀಕರಣಕ್ಕೆ ಹತ್ತು ದಿನ ಮೊದಲು ಫೋನಿನಲ್ಲಿ ಒಂದು ನೆನಪು ಹಾಕಿಕೊಳ್ಳಿ. ಅಂದು ಐದು ವರ್ಷದ ಹಾಳೆಯನ್ನು ತೆಗೆದು ಹೊಸ ದರಗಳನ್ನು ತುಂಬಿ, ಆರು ತಿಂಗಳಿಂದ ಬಳಸದ ಆಡ್-ಆನ್‌ಗಳನ್ನು ಅಳಿಸಿ, ಬ್ಯಾಕಪ್ ತೆರೆಯಲು ಬೇಕಾದ ಗೂಢಲಿಪಿ ಕೀಲಿಯನ್ನು ಕಾಗದದ ಮೇಲೆ ಬರೆದು ಕರೆಂಟ್ ಬಿಲ್ಲುಗಳ ಫೈಲಿನಲ್ಲಿ ಇಡಿ. ಆ ಕೀಲಿ ಸತ್ತ ಯಂತ್ರದೊಳಗೇ ಉಳಿದುಹೋದರೆ ಬ್ಯಾಕಪ್ ಇದ್ದೂ ಇಲ್ಲದಂತೆ.