ಗಾಯ ಮಾಸಿದರೂ ಉರಿ ಹೋಗದಿದ್ದರೆ ಏನು ಮಾಡಬೇಕು?

ಮೀನು ಕೊಯ್ಯುವಾಗ ಮೆಟ್ಟುಕತ್ತಿ ತಾಗಿ ಬೆರಳಿನ ನರ ತುಂಡಾದವರು, ಹೈವೇಯಲ್ಲಿ ಬೈಕಿನಿಂದ ಬಿದ್ದು ಭುಜದ ನರ ಜಗ್ಗಿದವರು, ಅಡಿಕೆ ಮರದಿಂದ ಜಾರಿದವರು, ಮಂಗಳೂರು, ಉಡುಪಿ ಕಡೆ ಎಲ್ಲ ಊರಲ್ಲೂ ಸಿಗುತ್ತಾರೆ. ಹೊಲಿಗೆ ಬಿಚ್ಚಿ ತಿಂಗಳುಗಳಾಗಿರುತ್ತವೆ. ಎಕ್ಸ್‌ರೇ ಸರಿ ಉಂಟು. ಆದರೂ ರಾತ್ರಿ ಮಲಗಿದರೆ ಉರಿ. ಮನೆಯವರು "ಸುಮ್ನೆ ಯೋಚನೆ ಮಾಡಿ ಮಾಡಿ ಜಾಸ್ತಿ ಮಾಡ್ಕೊಂಡಿದ್ದೀಯ" ಅನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಆ ನೋವಿಗೆ ದೇಹದೊಳಗೆ ಕಾರಣ ಉಂಟು.

ಮೊದಲು ಇದು ನರದ ನೋವೇ ಅಂತ ನೋಡಿಕೊಳ್ಳಿ. ಉರಿಯುತ್ತದಾ, ಕರೆಂಟ್ ಹೊಡೆದ ಹಾಗೆ ಆಗುತ್ತದಾ, ಜುಮ್ಮೆನ್ನುತ್ತದಾ, ಸೂಜಿ ಚುಚ್ಚಿದ ಹಾಗೆ, ತುರಿಕೆ, ಕೊರೆಯುವ ಥಂಡಿ? ನೋವಿರುವ ಜಾಗದಲ್ಲೇ ಮರಗಟ್ಟಿದ ಹಾಗೂ ಇದೆಯಾ? ಅಂಗಿಯ ತೋಳು ಸೋಕಿದರೂ, ಫ್ಯಾನಿನ ಗಾಳಿ ತಾಗಿದರೂ ನೋಯುತ್ತದಾ? ಡಾಕ್ಟರುಗಳು ಬಳಸುವ ಡಿಎನ್4 ಎಂಬ ಪಟ್ಟಿಯಲ್ಲೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹತ್ತರಲ್ಲಿ ನಾಲ್ಕಕ್ಕೆ ಹೌದು ಅಂತ ಬಂದರೆ ನರದ ನೋವಿನ ಸಾಧ್ಯತೆ ಜಾಸ್ತಿ.

ಒಳಗೆ ಏನಾಗುತ್ತಿದೆ ಅಂತ ಗೊತ್ತಾದರೆ ಮುಂದಿನದ್ದು ಸುಲಭ. ನರಕ್ಕೆ ಪೆಟ್ಟಾದ ಜಾಗಕ್ಕೆ ಮೊದಲು ಓಡಿ ಬರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು. ಹಿಂದೆಯೇ ಮ್ಯಾಕ್ರೋಫೇಜ್‌ಗಳು, ಆಮೇಲೆ ಟಿ ಕಣಗಳು. ಇವೆಲ್ಲ ನಮ್ಮನ್ನು ಕಾಯುವ ಕಣಗಳೇ. ಸತ್ತ ನರದ ಚೂರುಗಳನ್ನು, ಅದರ ಮೇಲಿನ ಕೊಬ್ಬಿನ ಹೊದಿಕೆಯ ತುಣುಕುಗಳನ್ನು ಮ್ಯಾಕ್ರೋಫೇಜ್‌ಗಳು ತಿಂದು ಜಾಗ ಖಾಲಿ ಮಾಡಿದರೆ ಮಾತ್ರ ಹೊಸ ನರ ಬೆಳೆಯಲು ದಾರಿ ಸಿಗುತ್ತದೆ. ಆದರೆ ಈ ಕೆಲಸದ ಜೊತೆಗೇ ಅವು ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಬೀಟಾದಂಥ ರಾಸಾಯನಿಕಗಳನ್ನು ಬಿಡುತ್ತವೆ, ಅವು ಅಕ್ಕಪಕ್ಕದ ನೋವಿನ ನರಗಳನ್ನು ಕೆರಳಿಸುತ್ತವೆ, ಕೆರಳಿದ ನರ ಸಣ್ಣ ಸ್ಪರ್ಶಕ್ಕೂ ಕೂಗಿಕೊಳ್ಳುತ್ತದೆ.

ವಿಷಯ ಅಲ್ಲಿಗೇ ನಿಲ್ಲುವುದಿಲ್ಲ. ಪೆಟ್ಟಾದದ್ದು ಬೆರಳಿಗೆ, ಸುದ್ದಿ ಬೆನ್ನುಹುರಿಗೂ ಮುಟ್ಟುತ್ತದೆ. ಗಾಯಗೊಂಡ ನರಕೋಶಗಳು ಸಿಎಸ್‌ಎಫ್1 ಎಂಬ ಪ್ರೋಟೀನ್ ಬಿಟ್ಟು ಅಲ್ಲಿ ಕಾವಲಿರುವ ಮೈಕ್ರೋಗ್ಲಿಯಾ ಎಂಬ ಕಣಗಳನ್ನು ಎಬ್ಬಿಸುತ್ತವೆ. ಈ ಕಣಗಳ ಮೇಲಿರುವ ಪಿ2ಎಕ್ಸ್4 ಎಂಬ ಗ್ರಾಹಕವನ್ನು, ಅಂದರೆ ರಾಸಾಯನಿಕ ಸುದ್ದಿ ಹಿಡಿಯುವ ಪ್ರೋಟೀನನ್ನು, ಔಷಧದಿಂದ ತಡೆದರೆ ನರಕ್ಕೆ ಪೆಟ್ಟಾದ ಇಲಿಗಳ ನೋವು ಇಳಿಯುತ್ತದೆ ಅಂತ 2003ರಲ್ಲಿ ಗೊತ್ತಾಯಿತು. 2005ರಲ್ಲಿ ಇನ್ನೊಂದು ಕೊಂಡಿ ಸಿಕ್ಕಿತು: ಮೈಕ್ರೋಗ್ಲಿಯಾ ಬಿಡುವ ಬಿಡಿಎನ್‌ಎಫ್ ಎಂಬ ಪ್ರೋಟೀನ್, ಬೆನ್ನುಹುರಿಯಲ್ಲಿ ನೋವನ್ನು ಹಿಡಿದಿಡುವ ಬ್ರೇಕನ್ನೇ ಸಡಿಲ ಮಾಡುತ್ತದೆ. ಗಾಯ ಮಾಸಿದ ಮೇಲೂ ನೋವು ಉಳಿಯುವುದಕ್ಕೆ ಇದೊಂದು ದೊಡ್ಡ ಕಾರಣ. 2015ರ ಒಂದು ಅಧ್ಯಯನದಲ್ಲಂತೂ ಗಂಡು ಇಲಿಗಳ ನೋವು ಮೈಕ್ರೋಗ್ಲಿಯಾ ಮೇಲೆ ನಿಂತಿತ್ತು, ಹೆಣ್ಣು ಇಲಿಗಳದ್ದು ಟಿ ಕಣಗಳ ಕಡೆ ವಾಲಿತ್ತು. ಹೆಂಗಸರ ನೋವನ್ನು ಹಗುರ ಮಾಡಿ ಮಾತಾಡುವವರು ಇದನ್ನು ಓದಬೇಕು ಅಂತ ನನಗೆ ಅನಿಸುತ್ತದೆ.

ಹಾಗಾದರೆ ಈ ಕಣಗಳನ್ನೇ ಮಟ್ಟ ಹಾಕಬಹುದಲ್ವಾ? ಬೇಡ. ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ಅಂದರೆ ಮಣಿಕಟ್ಟಿನಿಂದ ಬೆರಳ ತುದಿಗೆ ಮುಟ್ಟಲು ಆರು ತಿಂಗಳಾದರೂ ಬೇಕು, ಆ ದಾರಿ ಗುಡಿಸುವುದು ಇವೇ ಕಣಗಳು. ನೋವನ್ನು ಇಳಿಸುವ ಇಂಟರ್‌ಲ್ಯೂಕಿನ್-10 ಕೂಡ ಕೆಲವು ಮ್ಯಾಕ್ರೋಫೇಜ್‌ಗಳಿಂದಲೇ ಬರುತ್ತದೆ. ಅದಕ್ಕೇ ಈ ಕಣಗಳನ್ನು ಅಡಗಿಸುವ ಸ್ಟೀರಾಯ್ಡ್ ಮಾತ್ರೆಯನ್ನು ಮೆಡಿಕಲ್‌ನಿಂದ ನೀವೇ ತಂದು ನುಂಗಬೇಡಿ.

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಪುಸ್ತಕದಲ್ಲಿ ಬರೆದಿಡಿ: ಎಲ್ಲಿ, ಯಾವ ಹೊತ್ತಿಗೆ, ಉರಿಯಾ ಶಾಕಾ, ನಿದ್ದೆ ಎಷ್ಟು ಕೆಟ್ಟಿತು, ಯಾವ ಮಾತ್ರೆ ನಾಟಲಿಲ್ಲ. "ತುಂಬಾ ನೋವು ಡಾಕ್ಟ್ರೇ" ಅಂದರೆ ಸಾಲದು. ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ನರದ ನೋವಿಗೆ ಸಾಮಾನ್ಯವಾಗಿ ಅಷ್ಟು ನಾಟುವುದಿಲ್ಲ. ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಬರೆದುಕೊಡಬಹುದು. ಮೊದಲ ಎರಡು ಮಾನಸಿಕ ಖಿನ್ನತೆಗೂ ಕೊಡುವ ಮಾತ್ರೆಗಳು, ಚೀಟಿ ನೋಡಿ ಗಾಬರಿಯಾಗಬೇಡಿ. ಕೆಲಸ ಮಾಡಲು ಕೆಲವು ವಾರ ಬೇಕು. ನಿದ್ದೆ ಎಳೆಯುವುದರಿಂದ ಶುರುವಿನಲ್ಲಿ ಬೈಕ್ ಓಡಿಸಬೇಡಿ, ಮರ ಹತ್ತಬೇಡಿ. ಕಿಡ್ನಿ ತೊಂದರೆ ಇದ್ದರೆ ಹೇಳಿ. ಒಮ್ಮೆಲೇ ನಿಲ್ಲಿಸಲೂಬೇಡಿ.

ಮನೆಯಲ್ಲಿ ಆ ಕೈಯನ್ನು ಸುಮ್ಮನೆ ಕಟ್ಟಿಡಬೇಡಿ. ಫಿಸಿಯೋ ಹೇಳಿದಷ್ಟು ಆಡಿಸಿ, ನಡೆಯಿರಿ. ವ್ಯಾಯಾಮದಿಂದ ಇಂಟರ್‌ಲ್ಯೂಕಿನ್-10 ಹೆಚ್ಚಿ ನರದ ನೋವು ಇಳಿದದ್ದನ್ನು ಇಲಿಗಳಲ್ಲಿ ನೋಡಿದ್ದಾರೆ. ಬಿಸಿನೀರಿನ ಶಾಖ ಮಾತ್ರ ಹುಷಾರು, ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸುವುದೂ ಬೇಡ.

ಸರ್ಪಸುತ್ತು ಕೂಡ ನರಕ್ಕೇ ಪೆಟ್ಟು. ಅದು ವೈರಸ್‌ನಿಂದ ಬರುವುದು, ಗುಳ್ಳೆ ಒಣಗಿದ ಮೇಲೂ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ತಿಂಗಳುಗಟ್ಟಲೆ ಉರಿ ಉಳಿಯುತ್ತದೆ. ನಾಗನಿಗೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಿ, ಆದರೆ ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಿಸಿ. ಕಣ್ಣಿನ ಹತ್ತಿರ ಬಂದರೆ ತಡ ಮಾಡಲೇಬೇಡಿ.

ಕತ್ತಿ ತಾಗಿದ ಬೆರಳು ಮರಗಟ್ಟಿದರೆ ಅಥವಾ ಮಡಚಲು ಆಗದಿದ್ದರೆ, ಕೈಕಾಲಿನ ಶಕ್ತಿ ಇದ್ದಕ್ಕಿದ್ದಂತೆ ಇಳಿದರೆ, ಮೂತ್ರ ಹಿಡಿತ ತಪ್ಪಿದರೆ ಕಾಯುತ್ತಾ ಕೂರಬೇಡಿ. ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಉಂಟು, ಅದೇ ದಿನ ಹೋಗಿ ತೋರಿಸಿ.