ಜ್ವರ ಬಿಟ್ಟರೂ ಮನಸ್ಸು ಏಳದಿದ್ದಾಗ ಏನು ಮಾಡಬೇಕು

ಶಿರಸಿ ಕಡೆಯ ಮಳೆಗಾಲದಲ್ಲಿ ಜ್ವರ ಬಂದಾಗ ಹೇಗಿರುತ್ತದೆ, ನೆನಪಿಸಿಕೊಳ್ಳಿ. ಕಂಬಳಿ ಬಿಟ್ಟು ಏಳಲು ಮನಸ್ಸಿಲ್ಲ, ತಂಬುಳಿ ಅನ್ನವೂ ಸೇರುವುದಿಲ್ಲ, ಯಾರಾದರೂ ಮಾತಾಡಿಸಿದರೆ ಸಿಟ್ಟು. ಹೀಗೆ ಮಾಡಿಸುವುದು ಬಹುಪಾಲು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಅದು ಸೈಟೊಕೈನ್ ಎಂಬ ಪ್ರೋಟೀನ್‌ಗಳನ್ನು ಬಿಟ್ಟು, ಸುಮ್ನೆ ಮಲಗು ಅಂತ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ನಾಲ್ಕು ದಿನಕ್ಕಾದರೆ ಒಳ್ಳೆಯದೇ. ಆದರೆ ಈ ಹೋರಾಟದಿಂದ ಒಳಗೆ ಏಳುವ ಉರಿಯೂತ (ಇನ್‌ಫ್ಲಮೇಷನ್) ಬೂದಿ ಮುಚ್ಚಿದ ಕೆಂಡದ ಹಾಗೆ ತಿಂಗಳುಗಟ್ಟಲೆ ಉಳಿದರೆ ಕೆಲವರಿಗೆ ಖಿನ್ನತೆಯೂ ಬರಬಹುದು. ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಕೂಡ ಒಂದು ಸೈಟೊಕೈನ್. ಅದನ್ನು ತೆಗೆದುಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತಿತ್ತು.

ಬೇಸರ, ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ಡಾಕ್ಟರ ಹತ್ತಿರ ಹೋಗಿ. ಬರೀ ನಿದ್ದೆ ಇಲ್ಲ ಅಂತ ಹೇಳಿ ಬರಬೇಡಿ, ಮನಸ್ಸಿನ ವಿಷಯವನ್ನೂ ಬಾಯಿಬಿಟ್ಟು ಹೇಳಿ. ಹಳೆಯ ಕೀಲುನೋವು, ಸಕ್ಕರೆ ಕಾಯಿಲೆ, ಈಚೆಗೆ ಬಂದ ಜ್ವರ ಎಲ್ಲ ತಿಳಿಸಿ. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಬೇಕೇ ಅಂತ ಕೇಳಿ. ಸಿಆರ್‌ಪಿ ಎಂಬ ರಕ್ತಪರೀಕ್ಷೆ ಉರಿಯೂತ ತೋರಿಸುತ್ತದೆ, ಖಿನ್ನತೆಯನ್ನಲ್ಲ. ನೆಗಡಿ ಇದ್ದಾಗ ಮಾಡಿಸಿದರೆ ಅದು ಏರಿರಬಹುದು. ಸಿಆರ್‌ಪಿ ನಾರ್ಮಲ್ ಬಂತು, ಹಾಗಾದರೆ ನಿನಗೇನೂ ಇಲ್ಲ ಅಂತ ಮನೆಯವರು ಅಂದರೆ ನಂಬಬೇಡಿ. ಖಿನ್ನತೆ ಇರುವ ಬಹಳ ಜನರಿಗೆ ಅದು ಜಾಸ್ತಿ ಇರುವುದೇ ಇಲ್ಲ.

ಉರಿಯೂತ ಅಂತ ತಿಳಿದ ಕೂಡಲೇ ನೋವಿನ ಮಾತ್ರೆ ನುಂಗುವವರಿದ್ದಾರೆ, ದಯವಿಟ್ಟು ಬೇಡ, ಹೊಟ್ಟೆ ಕಿಡ್ನಿ ಎರಡೂ ಹಾಳು. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಂಧಿವಾತಕ್ಕೆ ಕೊಡುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಉರಿಯೂತ ತಗ್ಗಿಸುವ ಔಷಧವನ್ನು ಖಿನ್ನತೆ ಇದ್ದವರಿಗೆ ಕೊಟ್ಟು ನೋಡಿದರು. ಒಟ್ಟಾರೆ ಲಾಭ ಕಾಣಲಿಲ್ಲ. ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂಗಿಂತ ಜಾಸ್ತಿ ಇದ್ದವರಲ್ಲಿ ಮಾತ್ರ ಗುಣದ ಸೂಚನೆ ಸಿಕ್ಕಿತು. ಅರಿಶಿನದ ಕಷಾಯ ಬೇಕಾದರೆ ಕುಡಿಯಿರಿ, ಆದರೆ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ದಿನಾ ಅರ್ಧ ತಾಸು ನಡೆಯಿರಿ. ಕಾರವಾರದವರಿಗೆ ಕಡಲತೀರ ಇದೆ, ಘಟ್ಟದ ಮೇಲಿನವರಿಗೆ ಮಳೆ ಬಿಡದಿದ್ದರೆ ಜಗಲಿಯೇ ಗತಿ. ಒಂದೇ ಹೊತ್ತಿಗೆ ಮಲಗಿ. ಕವಳಕ್ಕೆ ತಂಬಾಕು ಹಾಕುವವರು ಅದನ್ನು ಬಿಟ್ಟು, ಒಸಡು ತೋರಿಸಿಕೊಳ್ಳಿ, ಅಲ್ಲೂ ಉರಿಯೂತ ಅಡಗಿರುತ್ತದೆ.

ಸಾಯಬೇಕು ಅನಿಸಿದರೆ ಮಾತ್ರ ಎರಡು ವಾರದ ಲೆಕ್ಕ ಇಲ್ಲ. ಆಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ನಡುರಾತ್ರಿಯಲ್ಲೂ ಕನ್ನಡದಲ್ಲೇ ಮಾತಾಡಬಹುದು.